ಇಳಿಯದ ಊರಿಗೂ ವೀಸಾ

ವಿಮಾನದ ಟಿಕೆಟ್ ಮಾರುವ ಜಾಲತಾಣ ನಿಮ್ಮ ಹೆಸರು ಕೇಳುತ್ತದೆ, ಹುಟ್ಟಿದ ದಿನ ಕೇಳುತ್ತದೆ, ಊಟ ವೆಜ್ಜೋ ನಾನ್‌ವೆಜ್ಜೋ ಎಂದೂ ಕೇಳುತ್ತದೆ. ಕಿಟಕಿ ಪಕ್ಕದ ಸೀಟು, ಹೆಚ್ಚುವರಿ ಬ್ಯಾಗು, ಪ್ರಯಾಣ ವಿಮೆ ಎಲ್ಲವನ್ನೂ ಎರಡೆರಡು ಸಲ ಮುಂದಿಟ್ಟು ಬೇಕೇ ಎಂದು ವಿಚಾರಿಸುತ್ತದೆ. ಆದರೆ ದಾರಿಯಲ್ಲಿ ಮೂರು ಗಂಟೆ ಕಾಯಬೇಕಾದ ದೇಶ ನಿಮ್ಮ ಪಾಸ್‌ಪೋರ್ಟಿಗೆ ವೀಸಾ ಕೇಳುತ್ತದೆಯೇ ಎಂಬ ವಿಷಯ ಬಂದಾಗ, ಉದ್ದನೆಯ ಷರತ್ತುಗಳ ನಡುವೆ ಎಲ್ಲೋ ಒಂದು ಕಡೆ, ಅಗತ್ಯ ದಾಖಲೆಗಳ ಹೊಣೆ ಪ್ರಯಾಣಿಕರದ್ದೇ ಎಂದು ಬರೆದು ಕೈ ತೊಳೆದುಕೊಳ್ಳುತ್ತದೆ. ದುಡ್ಡು ಕಟ್ಟಿದ ಮರುಗಳಿಗೆ ಪಿಎನ್‌ಆರ್ ಬರುತ್ತದೆ. ಟಿಕೆಟ್ ಖಾತ್ರಿಯಾಯಿತು ಎಂದರೆ ಪ್ರಯಾಣವೂ ಖಾತ್ರಿಯಾಯಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಆ ಟಿಕೆಟ್ಟನ್ನೂ ಆ ಪಾಸ್‌ಪೋರ್ಟನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ಮೊದಲ ಮನುಷ್ಯ ಸಿಗುವುದು ವಿಮಾನ ಹೊರಡಲು ಮೂರು ಗಂಟೆ ಉಳಿದಾಗ, ಚೆಕ್‌ಇನ್ ಕೌಂಟರಿನಲ್ಲಿ.

ಒಂದು ಪ್ರಯಾಣವನ್ನು ಕಣ್ಣ ಮುಂದೆ ತಂದುಕೊಳ್ಳಿ. ದಾವಣಗೆರೆಯ ದಂಪತಿ. ಮಗಳು ಟೊರಾಂಟೊದಲ್ಲಿ, ತುಂಬು ಗರ್ಭಿಣಿ. ಬಾಣಂತನಕ್ಕೆಂದು ಇಬ್ಬರೂ ಹೊರಟಿದ್ದಾರೆ. ಕೆನಡಾ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿದೆ. ಟಿಕೆಟ್ ತೆಗೆದವಳು ಮಗಳೇ, ಅಲ್ಲಿಂದಲೇ ಫೋನಿನಲ್ಲಿ: ಬೆಂಗಳೂರು, ಫ್ರಾಂಕ್‌ಫರ್ಟ್, ಚಿಕಾಗೊ, ಟೊರಾಂಟೊ. ಬೇರೆ ದಾರಿಗಳಿಗಿಂತ ಅಗ್ಗ, ಹೊತ್ತೂ ಅನುಕೂಲ. ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಕೊಬ್ಬರಿ, ಮಗುವಿಗೆ ಹೊಲಿಸಿದ ಕುಲಾವಿ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಡುರಾತ್ರಿ ಅವರ ಸರದಿ ಬರುತ್ತದೆ.

“ಅಂಕಲ್, ಅಮೆರಿಕ ವೀಸಾ ತೋರಿಸ್ತೀರಾ?”

“ಅಮೆರಿಕ ಅಲ್ಲಮ್ಮ, ನಾವು ಕೆನಡಾಕ್ಕೆ. ವೀಸಾ ಅದರಲ್ಲೇ ಇದೆ ನೋಡು.”

“ಚಿಕಾಗೊದಲ್ಲಿ ಫ್ಲೈಟ್ ಬದಲಿಸಬೇಕಲ್ಲ ಅಂಕಲ್, ಅದಕ್ಕೂ ಬೇಕು.”

“ಅಲ್ಲಿ ನಾವು ಹೊರಗೇ ಹೋಗಲ್ವಲ್ಲ, ಒಳಗೇ ಕೂತಿರ್ತೀವಿ.”

ಆ ಹಿರಿಯರ ಮಾತಿನಲ್ಲಿ ತಪ್ಪು ಹುಡುಕುವಂತಿಲ್ಲ. ದೋಹಾ, ದುಬೈ, ಅಬುಧಾಬಿ, ಇಸ್ತಾಂಬುಲ್ ಮೂಲಕ ಒಂದೇ ಟಿಕೆಟ್ಟಿನಲ್ಲಿ ಹೋಗಿಬಂದವರಿಗೆಲ್ಲ ಗೊತ್ತಿರುವ ಅನುಭವವೇ ಅದು: ಒಂದು ವಿಮಾನದಿಂದ ಇಳಿದು, ಇನ್ನೊಮ್ಮೆ ತಪಾಸಣೆ ಮುಗಿಸಿ, ಮುಂದಿನ ಗೇಟಿಗೆ ನಡೆದರಾಯಿತು. ಅರಸೀಕೆರೆಯಲ್ಲಿ ರೈಲು ಬದಲಿಸಿದಷ್ಟೇ ಸಲೀಸು. ಆದರೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಹಾಗೆ ಒಳಗೇ ಕೂತಿರುವ ಜಾಗವಿಲ್ಲ. ಹೊರದೇಶದಿಂದ ಬಂದಿಳಿದ ಪ್ರತಿಯೊಬ್ಬರೂ ಇಮಿಗ್ರೇಷನ್ ದಾಟಲೇಬೇಕು, ಮುಂದಿನ ವಿಮಾನ ಎರಡೇ ಗಂಟೆಯಲ್ಲಿ ಬೇರೆ ದೇಶಕ್ಕೆ ಹೊರಡುವುದಿದ್ದರೂ. ಹಿಂದೆ ವೀಸಾ ಇಲ್ಲದೆ ಹಾದುಹೋಗಲು ಒಂದು ವ್ಯವಸ್ಥೆಯಿತ್ತು. ಭದ್ರತೆಯ ಕಾರಣ ಕೊಟ್ಟು 2003ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದರು. ಅಂದಿನಿಂದ ಭಾರತೀಯ ಪಾಸ್‌ಪೋರ್ಟಿನವರು ಅಮೆರಿಕದ ಮೂಲಕ ಎಲ್ಲಿಗೇ ಹೋಗಲಿ, ಸಿ-1 ಎಂಬ ಟ್ರಾನ್ಸಿಟ್ ವೀಸಾ ಬೇಕು, ಇಲ್ಲವೇ ಚಾಲ್ತಿಯಲ್ಲಿರುವ ಪ್ರವಾಸಿ ವೀಸಾದಂಥದ್ದು ಇರಬೇಕು. ಸಿ-1 ಎಂದರೆ ಅರ್ಜಿ, ಶುಲ್ಕ, ಸಂದರ್ಶನಕ್ಕಾಗಿ ಕಾಯುವುದು ಎಲ್ಲವೂ ಉಂಟು. ಕೌಂಟರಿನ ಮುಂದೆ ನಿಂತು ಪಡೆಯುವ ವಸ್ತುವಲ್ಲ.

ಇದರ ತಿರುಗುಮುರುಗು ದಾರಿಯಲ್ಲೂ ಇಂಥದೇ ಗುಂಡಿ ಇದೆ. ಅಮೆರಿಕದ ವೀಸಾ ಇರುವ ಭಾರತೀಯರು ಟೊರಾಂಟೊ ಅಥವಾ ವ್ಯಾಂಕೂವರ್ ಮೂಲಕ ಅಮೆರಿಕಕ್ಕೆ ಹೋಗುವುದಾದರೆ ಕೆನಡಾದ ಟ್ರಾನ್ಸಿಟ್ ವೀಸಾ ಬೇಕು. ಇದು 48 ಗಂಟೆಯೊಳಗೆ ಹಾದುಹೋಗುವವರಿಗೆ ಕೊಡುವ ವೀಸಾ, ಅರ್ಜಿಗೆ ಶುಲ್ಕವಿಲ್ಲ. ಶುಲ್ಕವಿಲ್ಲವೆಂದ ಮಾತ್ರಕ್ಕೆ ಬೇಡವೆಂದಲ್ಲ. ದೊಡ್ಡ ದೇಶದ ವೀಸಾ ಒಂದಿದ್ದರೆ ಉಳಿದ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಲಂಡನ್ನಿನ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಅರ್ಧ ನಿಜವಾದದ್ದರಿಂದಲೇ ಅದು ಜನರನ್ನು ದಾರಿ ತಪ್ಪಿಸುತ್ತದೆ.

ಲಂಡನ್ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಬೆಂಗಳೂರಿನ ಸಾಫ್ಟ್‌ವೇರ್ ಮನೆಗಳಿಗೆ ಇದು ನೇರವಾಗಿ ತಾಗುತ್ತದೆ. ಬ್ರಿಟನ್ನಿನ ನಿಯಮದಂತೆ, ಇಮಿಗ್ರೇಷನ್ ದಾಟದೆ ಹೀಥ್ರೂ ಒಳಗೇ ವಿಮಾನ ಬದಲಿಸುವ ಭಾರತೀಯರಿಗೂ ‘ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವೀಸಾ’ ಬೇಕು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ. ಹಾಗಾಗಿ ಅಮೆರಿಕಕ್ಕೆ ಹೋಗುವಾಗ ಯಾರಿಗೂ ತೊಂದರೆಯಾಗುವುದಿಲ್ಲ. ತೊಂದರೆ ಕಾದಿರುವುದು ವಾಪಸ್ ಬರುವಾಗ.

ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಅಮೆರಿಕಕ್ಕೆ ಹೋದ ಹುಡುಗನ ಪಾಸ್‌ಪೋರ್ಟಿನಲ್ಲಿ ಒತ್ತಿದ ವೀಸಾ ಮೂರು ವರ್ಷಕ್ಕೆ ಮುಗಿದಿರುತ್ತದೆ. ಕಂಪನಿ ಅವಧಿ ವಿಸ್ತರಿಸಿರುತ್ತದೆ, ಐ-797 ಎಂಬ ಅನುಮೋದನೆಯ ಕಾಗದ ಕೈಯಲ್ಲಿರುತ್ತದೆ. ಅಮೆರಿಕದಲ್ಲಿ ಇದ್ದು ಕೆಲಸ ಮಾಡಲು ಆ ಕಾಗದ ಸಾಕು. ಅದು ವೀಸಾ ಅಲ್ಲ. ಅಮೆರಿಕದಿಂದ ಹೊರಟು ಲಂಡನ್ ಮೂಲಕ ಬರುವವರ ವೀಸಾ ಮುಗಿದಿದ್ದರೂ ಬ್ರಿಟನ್ ಒಂದು ರಿಯಾಯಿತಿ ಕೊಡುತ್ತದೆ: ಅವರು ಚಾಲ್ತಿ ವೀಸಾದ ಮೇಲೆ ಅಮೆರಿಕದೊಳಗೆ ಕೊನೆಯ ಬಾರಿ ಕಾಲಿಟ್ಟು ಆರು ತಿಂಗಳು ಮೀರಿರಬಾರದು. ಎರಡು, ಮೂರು ವರ್ಷ ಊರಿಗೇ ಬಾರದವನಿಗೆ ಈ ರಿಯಾಯಿತಿ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಮಾತು ಬೇರೆ.

ಇಂಥವನಿಗೆ ಒಂದು ರಾತ್ರಿ ಊರಿಂದ ಫೋನು ಬರುತ್ತದೆ. ಅಪ್ಪನಿಗೆ ಐಸಿಯು. ಲ್ಯಾಪ್‌ಟಾಪ್ ತೆಗೆದು, ಎಲ್ಲಕ್ಕಿಂತ ಬೇಗ ತಲುಪಿಸುವ ವಿಮಾನಕ್ಕೆ ಕೇಳಿದಷ್ಟು ಕೊಟ್ಟು ಟಿಕೆಟ್ ತೆಗೆಯುತ್ತಾನೆ. ಲಂಡನ್ ಮೂಲಕ. ಸ್ವಂತ ದೇಶಕ್ಕೆ ಹೋಗಲು ಯಾವ ವೀಸಾ ಎಂಬ ಪ್ರಶ್ನೆಯೇ ಮನಸ್ಸಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ ಎಂದೇ ಯಾರಿಗಾದರೂ ಅನ್ನಿಸುತ್ತದೆ. ವಿಮಾನ ನಿಲ್ದಾಣದಲ್ಲಿ ಅವನನ್ನು ಹತ್ತಿಸುವುದಿಲ್ಲ. ಲಂಡನ್ನಿನ ಟ್ರಾನ್ಸಿಟ್ ವೀಸಾಕ್ಕೆ ಬೆರಳಚ್ಚು ಕೊಡಬೇಕು, ಸಾಮಾನ್ಯವಾಗಿ ಮೂರು ವಾರದವರೆಗೆ ಹಿಡಿಯುತ್ತದೆ. ಐಸಿಯುನಲ್ಲಿರುವ ತಂದೆ ಮೂರು ವಾರ ಕಾಯುವರೇ? ಈ ಪ್ರಯಾಣಕ್ಕೆ ದೋಹಾ, ದುಬೈ, ಅಬುಧಾಬಿ ದಾರಿ ಹಿಡಿದಿದ್ದರೆ ಯಾವ ಕಾಗದವೂ ಬೇಕಿರಲಿಲ್ಲ. ಎಚ್-1ಬಿಯಲ್ಲಿರುವ ಮಕ್ಕಳ ಮನೆಗಳಲ್ಲಿ ಈ ಒಂದು ವಿಷಯವನ್ನು ಇಂದೇ ಮಾತಾಡಿಕೊಳ್ಳಬೇಕೆಂದು ನನ್ನ ಮನವಿ. ಆ ರಾತ್ರಿ ಯಾರಿಗೂ ನಿಯಮ ಓದುವ ಚಿತ್ತ ಇರುವುದಿಲ್ಲ.

ಯುರೋಪಿನ ಷೆಂಗನ್ ದೇಶಗಳದ್ದು ಇನ್ನೊಂದು ಬಗೆ. ಯಾವ ದೇಶದವರಿಗೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಬೇಕೆಂಬುದಕ್ಕೆ 2009ರ ವೀಸಾ ಸಂಹಿತೆಯಲ್ಲಿ ಎಲ್ಲ ಸದಸ್ಯ ದೇಶಗಳಿಗೂ ಅನ್ವಯಿಸುವ ಒಂದು ಪಟ್ಟಿ ಇದೆ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಅದರಲ್ಲಿವೆ, ಭಾರತ ಇಲ್ಲ. ಅದನ್ನು ಓದಿ ಸಮಾಧಾನಪಟ್ಟುಕೊಳ್ಳುವಂತಿಲ್ಲ, ಏಕೆಂದರೆ ಪ್ರತ್ಯೇಕ ದೇಶಗಳು ತಮ್ಮದೇ ಪಟ್ಟಿ ಸೇರಿಸಬಹುದು. ಜರ್ಮನಿ ಬಹುಕಾಲ ಭಾರತೀಯರನ್ನು ಹಾಗೆ ಸೇರಿಸಿಕೊಂಡಿತ್ತು. 2026ರ ಜನವರಿಯಲ್ಲಿ ಚಾನ್ಸಲರ್ ಫ್ರೀಡ್ರಿಕ್ ಮೆರ್ಜ್ ಭಾರತಕ್ಕೆ ಬಂದಾಗ ಭಾರತೀಯರಿಗೆ ವೀಸಾ ಇಲ್ಲದೆ ಟ್ರಾನ್ಸಿಟ್ ಎಂಬ ಘೋಷಣೆ ಹೊರಬಿತ್ತು. ಸಂತೋಷದ ಸುದ್ದಿ. ಆದರೆ ಪತ್ರಿಕೆಯಲ್ಲಿ ಘೋಷಣೆ ಓದಿದ ದಿನ ಬೇರೆ, ಕೌಂಟರಿನ ಕಂಪ್ಯೂಟರಿನಲ್ಲಿ ನಿಯಮ ಬದಲಾಗುವ ದಿನ ಬೇರೆ. ಟಿಕೆಟ್ ಕೊಂಡ ದಿನದ ನಿಯಮವನ್ನು ಯಾರೂ ನೋಡುವುದಿಲ್ಲ, ಹಾರುವ ದಿನದ ನಿಯಮ ನೋಡುತ್ತಾರೆ.

ಟ್ರಾನ್ಸಿಟ್ ವೀಸಾದ ಅಗತ್ಯ ಇಲ್ಲದಿದ್ದಾಗಲೂ ಷೆಂಗನ್‌ನಲ್ಲಿ ಒಂದು ಎಚ್ಚರ ಬೇಕು. ವಿಮಾನ ಎರಡು ಷೆಂಗನ್ ಊರುಗಳಲ್ಲಿ ಇಳಿದರೆ, ಉದಾಹರಣೆಗೆ ಪ್ಯಾರಿಸ್‌ನಲ್ಲಿ ಒಮ್ಮೆ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇನ್ನೊಮ್ಮೆ, ಅವೆರಡರ ನಡುವಿನ ಹಾರಾಟ ದೇಶದೊಳಗಿನ ಹಾರಾಟಕ್ಕೆ ಸಮ. ಮೊದಲ ಊರಿನಲ್ಲೇ ಇಮಿಗ್ರೇಷನ್ ದಾಟಿ ಷೆಂಗನ್ ಪ್ರವೇಶಿಸಬೇಕಾಗುತ್ತದೆ. ಅದಕ್ಕೆ ಪೂರ್ಣ ಷೆಂಗನ್ ವೀಸಾವೇ ಬೇಕು.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವಬಲ್ಲ ಬಲೆ ಅಗ್ಗದ ಟಿಕೆಟ್ ಜೋಡಣೆ ಎಂಬುದು ನನ್ನ ಅಭಿಪ್ರಾಯ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕಂಪನಿಗಳ ಎರಡು ಟಿಕೆಟ್ಟುಗಳನ್ನು ಜಾಲತಾಣ ಅಕ್ಕಪಕ್ಕ ಇಟ್ಟು, ಒಂದೇ ಪ್ರಯಾಣದಂತೆ ತೋರಿಸಿ, ಕೆಳಗೆ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಬರೆದಿರುತ್ತದೆ. ಈ ಎರಡು ಪದಗಳ ಹಿಂದೆ ಇರುವುದು ಇಷ್ಟು: ಮೊದಲ ಕಂಪನಿ ನಿಮ್ಮ ಬ್ಯಾಗನ್ನು ನಡುವಿನ ಊರಿನವರೆಗೆ ಮಾತ್ರ ಒಯ್ಯುತ್ತದೆ. ಬ್ಯಾಗು ಬರುವ ಬೆಲ್ಟು ಇರುವುದು ಇಮಿಗ್ರೇಷನ್ನಿನ ಆಚೆ. ಅದನ್ನು ಎತ್ತಿಕೊಂಡು, ಹೊರಗೆ ಬಂದು, ಮತ್ತೆ ಸಾಲಿನಲ್ಲಿ ನಿಂತು ಎರಡನೆಯ ಕಂಪನಿಗೆ ಒಪ್ಪಿಸಬೇಕು. ಹೊರಗೆ ಬರುವುದೆಂದರೆ ಆ ದೇಶವನ್ನು ಪ್ರವೇಶಿಸುವುದೇ. ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ ಎಂಬುದು ಇದರ ಜತೆಗೆ ಬರುವ ಇನ್ನೊಂದು ಕಷ್ಟ.

ಕೌಲಾಲಂಪುರದಲ್ಲಿ ಒಂದನೇ ಟರ್ಮಿನಲ್ಲಿಗೆ ಬಂದಿಳಿದು ಎರಡನೇ ಟರ್ಮಿನಲ್ಲಿನಿಂದ ಹೊರಡುವ ಅಗ್ಗದ ವಿಮಾನ ಹಿಡಿಯುವವರು ಹೊರಬಂದೇ ರೈಲು ಹತ್ತಬೇಕು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿರುವುದರಿಂದ ಅಲ್ಲಿ ಆನ್‌ಲೈನ್ ಆಗಮನ ಚೀಟಿ ತುಂಬಿದರೆ ಕೆಲಸ ನಡೆಯುತ್ತದೆ. ಅದೇ ಹೀಥ್ರೂನಲ್ಲಿ ಇಳಿದು ಗ್ಯಾಟ್ವಿಕ್‌ನಿಂದ ಹೊರಡುವ ಟಿಕೆಟ್ ಆದರೆ ಏರ್‌ಸೈಡ್ ವೀಸಾ ಕೂಡ ಸಾಲದು, ದೇಶದೊಳಗೆ ಕಾಲಿಡಲು ಬಿಡುವ ಬೇರೆ ವೀಸಾ ಬೇಕು. ಪ್ಯಾರಿಸ್‌ನ ಷಾರ್ಲ್ ದ ಗಾಲ್‌ನಿಂದ ಓರ್ಲಿಗೆ ಹೋಗುವುದೂ ಹೀಗೆಯೇ. ಹಾಂಗ್‌ಕಾಂಗ್‌ನಲ್ಲಿ ಒಳಗೇ ಇದ್ದು ಹಾದುಹೋದರೆ ಏನೂ ಬೇಡ. ಬ್ಯಾಗಿಗಾಗಿ ಹೊರಬರಬೇಕಾದರೆ, 2017ರ ಜನವರಿಯಿಂದ ಭಾರತೀಯರಿಗೆ ಕಡ್ಡಾಯವಾಗಿರುವ ಮುಂಗಡ ನೋಂದಣಿ ಆಗಿರಬೇಕು.

ನಡುದಾರಿಯ ದೇಶಗಳಿಗೆ ಇಷ್ಟೆಲ್ಲ ಅನುಮಾನ ಬಂದದ್ದಾದರೂ ಹೇಗೆ? ಮೂರನೆಯ ದೇಶಕ್ಕೆ ಟಿಕೆಟ್ ಇಟ್ಟುಕೊಂಡು ಹೊರಟವರು ನಡುವೆ ಇಳಿದು ಆಶ್ರಯ ಕೇಳಬಹುದೆಂಬ ಭಯ ಇದರ ಬೇರು. 1980ರ ದಶಕದಲ್ಲಿ ಶ್ರೀಲಂಕಾದ ಅಂತರ್ಯುದ್ಧದಿಂದ ತಪ್ಪಿಸಿಕೊಂಡ ತಮಿಳರು ಬ್ರಿಟನ್ನಿಗೆ ಬರತೊಡಗಿದಾಗ, 1985ರಲ್ಲಿ ಶ್ರೀಲಂಕಾದವರಿಗೆ ವೀಸಾ ಕಡ್ಡಾಯವಾಯಿತು. 1987ರಲ್ಲಿ ಹೊಸ ಕಾಯ್ದೆ ಬಂತು: ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದ ವಿಮಾನ ಕಂಪನಿಗೆ ತಲೆಗೆ 1,000 ಪೌಂಡ್ ದಂಡ. ಆಮೇಲೆ ಅದು 2,000 ಪೌಂಡ್ ಆಯಿತು. ಯುರೋಪಿಯನ್ ಒಕ್ಕೂಟ 2001ರಲ್ಲಿ ಇಂಥದೇ ದಂಡವನ್ನು ಸಾವಿರಾರು ಯೂರೊಗಳ ಮಟ್ಟದಲ್ಲಿ ಗೊತ್ತುಮಾಡಿತು. ಭಾರತವೂ 2000ದಲ್ಲಿ ಕಾಯ್ದೆ ತಂದು ತಲೆಗೆ ಒಂದು ಲಕ್ಷ ರೂಪಾಯಿ ದಂಡ ಇಟ್ಟಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ಹೊಸ ವಲಸೆ ಕಾಯ್ದೆ ಬಂದಿದೆ. ದಂಡದ ಮೇಲೆ, ಹಾಗೆ ಬಂದವರನ್ನು ವಾಪಸ್ ಕರೆದೊಯ್ಯುವ ಹೊಣೆಯೂ ಕಂಪನಿಯದೇ.

ಹೀಗೆ ಗಡಿ ಕಾಯುವ ಕೆಲಸ ಗಡಿಯಿಂದ ಸಾವಿರಾರು ಕಿಲೊಮೀಟರ್ ದೂರದ ಚೆಕ್‌ಇನ್ ಕೌಂಟರಿಗೆ ಬಂದು ಕೂತಿತು. ಅಲ್ಲಿನ ಹುಡುಗಿ ನೋಡುವುದು ‘ಟಿಮ್ಯಾಟಿಕ್’ ಎಂಬ ದತ್ತಾಂಶವನ್ನು. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘಟನೆ ಐಯಾಟಾ ನಡೆಸುವ ಈ ವ್ಯವಸ್ಥೆಗೆ ಪ್ರಯಾಣಿಕನ ರಾಷ್ಟ್ರೀಯತೆ, ತಲುಪುವ ದೇಶ, ನಡುವಿನ ನಿಲ್ದಾಣ, ಕೈಯಲ್ಲಿರುವ ವೀಸಾ ಹೇಳಿದರೆ ಏನು ಬೇಕೆಂದು ತೋರಿಸುತ್ತದೆ. ಅದು ಹತ್ತಿಸಬೇಡವೆಂದರೆ ಅವಳು ಕಣ್ಣೀರಿಗೆ ಕರಗಿ ಹತ್ತಿಸುವಂತಿಲ್ಲ, ದಂಡ ಕಂಪನಿಯ ಮೇಲೆ ಬೀಳುತ್ತದೆ. ಅವಳ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಕೇಳಬೇಕಾದದ್ದು ಬೇರೆ ಪ್ರಶ್ನೆ: ಈ ಮಾಹಿತಿ ಟಿಕೆಟ್ ಮಾರುವ ದಿನವೂ ಇತ್ತಲ್ಲ, ಆಗ ಏಕೆ ಹೇಳಲಿಲ್ಲ?

ಹೊಣೆ ಪ್ರಯಾಣಿಕರದ್ದು ಎಂಬುದನ್ನು ನಾನು ಒಪ್ಪುತ್ತೇನೆ. ಪಾಸ್‌ಪೋರ್ಟ್ ನಮ್ಮದು, ಅದರಲ್ಲಿ ಏನಿದೆ ಏನಿಲ್ಲ ಎಂಬುದು ನಮಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಹಣ ಕಟ್ಟುವ ಮುನ್ನ ದಾರಿಯ ಪ್ರತಿ ಊರನ್ನೂ ಒಂದೊಂದಾಗಿ ಹಿಡಿದು ವಿಚಾರಿಸುವುದು ನಮ್ಮ ಕೆಲಸವೇ. ಐಯಾಟಾದ ಟ್ರಾವೆಲ್ ಸೆಂಟರ್ ಪುಟದಲ್ಲೂ ಹಲವು ವಿಮಾನ ಕಂಪನಿಗಳ ಜಾಲತಾಣಗಳಲ್ಲೂ ಟಿಮ್ಯಾಟಿಕ್‌ನ ಮಾಹಿತಿಯನ್ನೇ ಸಾರ್ವಜನಿಕರು ನೋಡಬಹುದು. ಬ್ರಿಟನ್ ಸರ್ಕಾರದ ಪುಟ ರಾಷ್ಟ್ರೀಯತೆ ಕೇಳಿ, ಟ್ರಾನ್ಸಿಟ್ಟೇ ಎಂದು ಕೇಳಿ, ನೇರ ಉತ್ತರ ಕೊಡುತ್ತದೆ. ಹತ್ತು ನಿಮಿಷದ ಕೆಲಸ. ಸ್ನೇಹಿತರು ಕಳೆದ ವರ್ಷ ಹೋಗಿಬಂದರಂತೆ ಎಂಬ ಮಾತನ್ನು ನಂಬಬಾರದು. ಅವರ ವೀಸಾ ಬೇರೆ, ಟಿಕೆಟ್ ಬೇರೆ, ವರ್ಷವೂ ಬೇರೆ.

ಅಪ್ಪ ಅಮ್ಮನಿಗೆ ದೂರದಿಂದ ಟಿಕೆಟ್ ತೆಗೆಯುವ ಮಕ್ಕಳ ಹೊಣೆ ಇನ್ನೂ ಹೆಚ್ಚು. ಅವರು ತಮ್ಮ ಪಾಸ್‌ಪೋರ್ಟಿನ ಅನುಭವದಲ್ಲಿ ದಾರಿ ಆರಿಸುತ್ತಾರೆ. ಕೆನಡಾದ ಪೌರತ್ವ ಪಡೆದ ಮಗಳಿಗೆ ಚಿಕಾಗೊದಲ್ಲಿ ವಿಮಾನ ಬದಲಿಸುವುದು ಯೋಚಿಸಬೇಕಾದ ವಿಷಯವೇ ಅಲ್ಲ, ಅವಳಿಗೆ ವೀಸಾ ಬೇಡ. ಅದೇ ದಾರಿಯಲ್ಲಿ ಅಪ್ಪನ ಪಾಸ್‌ಪೋರ್ಟು ನಿಂತುಹೋಗುತ್ತದೆ. ಸಾಧ್ಯವಿದ್ದರೆ ಹಿರಿಯರಿಗೆ ನೇರ ವಿಮಾನ, ಇಲ್ಲವೇ ಟ್ರಾನ್ಸಿಟ್ ವೀಸಾ ಕೇಳದ ಒಂದೇ ಊರಿನ ದಾರಿ, ಎಲ್ಲವೂ ಒಂದೇ ಪಿಎನ್‌ಆರ್‌ನಲ್ಲಿ, ಬ್ಯಾಗಿನ ಚೀಟಿ ಕೊನೆಯ ಊರಿನವರೆಗೆ. ಹತ್ತಾರು ಸಾವಿರ ಹೆಚ್ಚಾದರೂ ಅದೇ ಲೇಸು.

ಆದರೆ ಮಾರುವವನ ಹೊಣೆ ಇಷ್ಟಕ್ಕೆ ತೀರಿತೇ? ತೀರಲಿಲ್ಲ. ಅಂತರರಾಷ್ಟ್ರೀಯ ಟಿಕೆಟ್ಟಿಗೆ ರಾಷ್ಟ್ರೀಯತೆ ಕೇಳಿ ತುಂಬಿಸಿಕೊಳ್ಳುವ ಜಾಲತಾಣಗಳೇ ಎಷ್ಟೋ ಇವೆ. ಪ್ರಯಾಣಿಕ ಭಾರತೀಯ, ದಾರಿ ಚಿಕಾಗೊ ಮೂಲಕ ಎಂಬೆರಡೂ ಆ ಕಂಪ್ಯೂಟರಿಗೆ ಗೊತ್ತು. ಹಣ ಕಟ್ಟುವ ಗುಂಡಿಯ ಮೇಲೆ ದಪ್ಪಕ್ಷರದಲ್ಲಿ, ‘ಈ ದಾರಿಗೆ ಅಮೆರಿಕದ ವೀಸಾ ಬೇಕು, ನಿಮ್ಮಲ್ಲಿದೆಯೇ?’ ಎಂದು ಕೇಳಲು ಹೊಸ ತಂತ್ರಜ್ಞಾನವೇನೂ ಬೇಡ. ಕಿಟಕಿ ಪಕ್ಕದ ಸೀಟು ಬೇಕೇ ಎಂದು ಎರಡು ಸಲ ಕೇಳಬಲ್ಲವರಿಗೆ ಇದೊಂದು ಪ್ರಶ್ನೆ ಹೊರೆಯಾಗಬಾರದು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಗ್ರಾಹಕರಿಗೆ ಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನೂ ಸೇವಾಲೋಪದ ವ್ಯಾಖ್ಯೆಯೊಳಗೆ ತಂದಿದೆ. ಷರತ್ತುಗಳಲ್ಲಿ ಒಂದು ಸಾಲು ಬರೆದು ಪಾರಾಗುವ ಮಾರಾಟಗಾರರ ಎದುರು ಇದನ್ನು ಹಿಡಿದು ವಾದಿಸಲು ಜಾಗವಿದೆ, ಗೆಲುವು ಸುಲಭವಲ್ಲದಿದ್ದರೂ. ಸರ್ಕಾರ ಇದನ್ನು ಕಡ್ಡಾಯ ನಿಯಮವನ್ನಾಗಿ ಬರೆದರೆ ವಾದಿಸುವ ಅಗತ್ಯವೇ ಬೀಳುವುದಿಲ್ಲ.

ಎಷ್ಟೇ ಎಚ್ಚರ ವಹಿಸಿದರೂ ಕೈಮೀರುವ ಸಂದರ್ಭಗಳಿವೆ. 2024ರ ಡಿಸೆಂಬರ್ 1ರಂದು ಬಹರೇನ್‌ನಿಂದ ಮ್ಯಾಂಚೆಸ್ಟರ್‌ಗೆ ಹೊರಟ ವಿಮಾನವೊಂದು ತಾಂತ್ರಿಕ ದೋಷದಿಂದ ಕುವೈತ್‌ನಲ್ಲಿ ಇಳಿಯಿತು. ಅದರಲ್ಲಿ ಮುಂಬೈಯಿಂದ ಬಂದ ಭಾರತೀಯರೂ ಇದ್ದರು. ಕೆಲವು ದೇಶಗಳ ಪಾಸ್‌ಪೋರ್ಟಿನವರಿಗೆ ಹೋಟೆಲು ಸಿಕ್ಕಿತು, ಭಾರತೀಯರು ಗಂಟೆಗಟ್ಟಲೆ ವಿಮಾನ ನಿಲ್ದಾಣದಲ್ಲೇ ಉಳಿದರು. ಅದೇ ದಿನ ಕುವೈತ್‌ನಲ್ಲಿ ಕೊಲ್ಲಿ ರಾಷ್ಟ್ರಗಳ ಶೃಂಗಸಭೆ ನಡೆಯುತ್ತಿತ್ತು, ವೀಸಾ ಕೊಡಿಸಲಾಗಲಿಲ್ಲ. ಕೊನೆಗೆ ಭಾರತದ ರಾಯಭಾರ ಕಚೇರಿಯವರು ಬಂದು ಲೌಂಜಿನಲ್ಲಿ ಜಾಗ ಮಾಡಿಸಿದರು. ಅಲ್ಲಿ ಸಿಕ್ಕಿಕೊಂಡವರ ತಪ್ಪು ಒಂದಿಷ್ಟೂ ಇರಲಿಲ್ಲ. ವಿಮಾನ ರದ್ದಾಗಿ ಕಂಪನಿ ಬೇರೆ ದಾರಿ ಕೊಡುವಾಗಲೂ ಇದೇ ಅಪಾಯ. ಹೊಸ ಟಿಕೆಟ್ಟಿಗೆ ತಲೆಯಾಡಿಸುವ ಮೊದಲು, ‘ಈ ದಾರಿಗೆ ನನ್ನ ಬಳಿ ವೀಸಾ ಇಲ್ಲ, ವೀಸಾ ಬೇಡದ ದಾರಿ ಕೊಡಿ’ ಎಂದು ಅಲ್ಲೇ ಹೇಳಬೇಕು.

ಕೌಂಟರಿನಲ್ಲಿ ಹತ್ತಿಸುವುದಿಲ್ಲವೆಂದ ಮೇಲೂ ಮಾಡಬೇಕಾದ ಕೆಲಸ ಉಳಿದಿರುತ್ತದೆ. ಯಾವ ನಿಯಮದಂತೆ, ಯಾವ ದಾಖಲೆ ಇಲ್ಲವೆಂದು ತಡೆದಿರಿ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಏಕೆಂದರೆ ಕಂಪನಿಗಳೂ ತಪ್ಪುತ್ತವೆ. ಸೈಪ್ರಸ್‌ನ ವಾಸ ಪರವಾನಗಿ ಇದ್ದ ಕಜಕಿಸ್ತಾನದ ಪ್ರಜೆಯೊಬ್ಬರನ್ನು ಬ್ಲೂ ಏರ್ ಕಂಪನಿ 2015ರಲ್ಲಿ ಲಾರ್ನಕಾದಿಂದ ಬುಕಾರೆಸ್ಟ್‌ಗೆ ಹಾರಲು ಬಿಡಲಿಲ್ಲ. ಯುರೋಪಿಯನ್ ನ್ಯಾಯಾಲಯ 2020ರ ಏಪ್ರಿಲ್ 30ರಂದು ಕೊಟ್ಟ ತೀರ್ಪಿನಲ್ಲಿ, ದಾಖಲೆ ಸಾಲದೆಂದು ಕಂಪನಿ ಹೇಳಿದ ಮಾತ್ರಕ್ಕೆ ಪ್ರಯಾಣಿಕರ ಪರಿಹಾರದ ಹಕ್ಕು ಹೋಗುವುದಿಲ್ಲ, ಆ ಕಾರಣ ಸರಿಯೇ ಎಂದು ನ್ಯಾಯಾಲಯ ಪರಿಶೀಲಿಸಬೇಕು ಎಂದಿತು. ಮುಂಗಡವಾಗಿ ಬರೆಸಿಕೊಂಡ ಷರತ್ತಿನಿಂದ ಆ ಹಕ್ಕನ್ನು ಮೊಟಕುಗೊಳಿಸುವಂತಿಲ್ಲ ಎಂದೂ ಹೇಳಿತು. ಕಂಪನಿಯೇ ಸರಿ, ವೀಸಾ ನಿಜವಾಗಿಯೂ ಬೇಕಿತ್ತು ಎಂದಾದರೆ ಪರಿಹಾರ ಸಿಗುವುದಿಲ್ಲ. ಆಗ ವಿಮಾನ ಹೊರಡುವ ಮೊದಲೇ ಟಿಕೆಟ್ ರದ್ದು ಮಾಡಿಸಲು ಅಥವಾ ದಿನ ಬದಲಿಸಲು ಕೇಳಬೇಕು. ಹೊರಟ ಮೇಲೆ ಅದು ‘ನೋ ಶೋ’ ಆಗುತ್ತದೆ, ಮೂಲದರ ಬಹುತೇಕ ಕೈಬಿಟ್ಟಂತೆ, ಸುತ್ತುಪ್ರಯಾಣದ ಟಿಕೆಟ್ಟಾಗಿದ್ದರೆ ವಾಪಸಿನ ಭಾಗವೂ ಸಾಮಾನ್ಯವಾಗಿ ರದ್ದಾಗುತ್ತದೆ. ಆದರೂ ತೆರಿಗೆ, ವಿಮಾನ ನಿಲ್ದಾಣ ಬಳಕೆದಾರರ ಶುಲ್ಕ ಇವನ್ನು ಬಿಟ್ಟುಕೊಡಬೇಕಿಲ್ಲ. ಮೂಲದರ ವಾಪಸಿಲ್ಲದ ಟಿಕೆಟ್ಟಿನಲ್ಲೂ, ಪ್ರಯಾಣವೇ ಮಾಡದಿದ್ದರೂ, ಇವನ್ನು ಮರಳಿಸಬೇಕೆಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ವಿದೇಶಿ ಕಂಪನಿಗಳು ತಂತಮ್ಮ ದೇಶದ ನಿಯಮ ಅನುಸರಿಸುತ್ತವೆ, ಅವರನ್ನೂ ಕೇಳಿ ನೋಡಬೇಕು. ಟಿಕೆಟ್ ತೆಗೆದುಕೊಟ್ಟ ಜಾಲತಾಣದ ಮೂಲಕವೇ ಅರ್ಜಿ ಹಾಕಿ, ಹಾಕಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ.